ಡಿಕ್ಕಿಯ ಕಟಕಟಕ್ಕೆ ಬಟ್ಟೆ ಟೇಪು: ಎಲ್ಲಿ ಸೈ, ಎಲ್ಲಿ ದಂಡ

ನನ್ನ ಕಾರಿನ ಡಿಕ್ಕಿಯಿಂದ (ಹಿಂಬದಿಯ ಸಾಮಾನಿನ ಜಾಗ) ಬರುತ್ತಿದ್ದ ಕಟಕಟ ಸದ್ದನ್ನು ನಿಲ್ಲಿಸಲು, ಕಾರಿನ ವೈರುಗಳಿಗೆ ಸುತ್ತುವ, ಮುಟ್ಟಿದರೆ ಉಣ್ಣೆಯಂತೆ ಮೆತ್ತಗಿರುವ ಕಪ್ಪು ಟೇಪನ್ನೂ ಒಂದು ಟ್ಯೂಬ್ ಸಿಲಿಕೋನ್ ಗ್ರೀಸನ್ನೂ ಪುಣೆಯ ನಾನಾ ಪೇಠೆಯಲ್ಲಿ ಕೊಂಡಿದ್ದೆ. ಮಳೆಗಾಲ, ಬೇಸಿಗೆ ಎರಡೂ ಕಳೆದು, ಬೆಳಗಾವಿಗೆ ಹಲವು ಬಾರಿ ಹೋಗಿಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಟೇಪು ಒಳ್ಳೆಯದೇ. ಆದರೆ ಅದು ಉಜ್ಜಾಟದ ಸದ್ದನ್ನು ಅಡಗಿಸುತ್ತದೆಯೇ ಹೊರತು ಸಡಿಲಾದ ಡಿಕ್ಕಿ ಬಾಗಿಲನ್ನು ಬಿಗಿ ಮಾಡುವುದಿಲ್ಲ.

ಸರ್ವಿಸ್ ಸೆಂಟರಿನವರು ಬೀಡಿಂಗಿಗೆ (ಬಾಗಿಲ ಅಂಚಿನ ಸುತ್ತಲ ರಬ್ಬರ್ ಪಟ್ಟಿಗೆ) ಏನನ್ನೋ ಸಿಂಪಡಿಸಿ ಕಳಿಸಿದ್ದರು; ಪುಣೆ ಪಕ್ಕದ ಕಾತ್ರಜ್ ಘಾಟ್ ದಾಟುವಷ್ಟರಲ್ಲಿ ಸದ್ದು ಮರಳಿ ಬಂದಿತ್ತು. ಹಿಂದಿನ ಸೀಟಿನಲ್ಲಿ ಭಾವಮೈದುನನನ್ನು ಕೂರಿಸಿ, ಪಾರ್ಸೆಲ್ ಟ್ರೇ (ಡಿಕ್ಕಿಯನ್ನು ಮುಚ್ಚುವ ಹಲಗೆ), ಜಾಕ್, ಸ್ಪ್ಯಾನರ್ ಎಲ್ಲವನ್ನೂ ಕೆಳಗಿಳಿಸಿ ಸ್ಪೀಡ್ ಬ್ರೇಕರ್‌ಗಳ ಮೇಲೆ ಓಡಿಸಿದೆವು. ಸದ್ದು ಅರ್ಧಕ್ಕರ್ಧ ಇಳಿಯಿತು. ಅಂದರೆ ಅರ್ಧ ಕಿರಿಕಿರಿ ಬಾಗಿಲಿನದೇ ಅಲ್ಲ, ಒಳಗಿನ ಸಾಮಾನಿನದು!

ಟೇಪು ತನ್ನ ಬೆಲೆ ತೀರಿಸುವುದು ಇಲ್ಲಿಯೇ. ಟ್ರೇಯ ಎರಡು ಅಂಚು, ಅದು ಕೂರುವ ಗೂಟಗಳು, ಜಾಕಿನ ಹಿಡಿ: ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್, ಕಬ್ಬಿಣಕ್ಕೆ ಕಬ್ಬಿಣ ತಗಲುವ ಕಡೆಗೆಲ್ಲ ಅಂಟಿಸಿದೆ. ಮೊದಲು ಸ್ಪಿರಿಟ್‌ನಿಂದ ಒರೆಸಿಕೊಳ್ಳಬೇಕು. ಮೇ ತಿಂಗಳ ಬಿಸಿಲಿಗೂ ಒಂದು ತುದಿ ಎದ್ದಿಲ್ಲ.

ಬಾಗಿಲು ಸಿಕ್ಕಿಕೊಳ್ಳುವ ಕಬ್ಬಿಣದ ಕೊಂಡಿಗೂ ಇದನ್ನೇ ಸುತ್ತಿ ಎಂದು ಹಲವರು ಹೇಳುತ್ತಾರೆ. ಕೇಳಬೇಡಿ. ಲಾಕಿನ ಕಚ್ಚು ಪ್ರತಿ ಸಲವೂ ಅಲ್ಲಿಯೇ ಬಂದು ಬಡಿಯುತ್ತದೆ. ಟೇಪು ಬೇಗನೆ ಚಿಂದಿಯಾಗಿ, ಅದರ ಎಳೆಗಳು ಲಾಕಿನೊಳಗೆ ಸೇರುತ್ತವೆ. ಅಲ್ಲಿಗೆ ಬೆರಳ ತುದಿಯಷ್ಟು ಗ್ರೀಸ್ ಸಾಕು.

ಬಾಗಿಲಿನ ಕುಲುಕಾಟಕ್ಕೆ ಮದ್ದು ಅದರ ಕೆಳಮೂಲೆಗಳಲ್ಲಿರುವ ರಬ್ಬರ್ ಸ್ಟಾಪರ್‌ಗಳು. ನನ್ನ ಕಾರಿನಲ್ಲಿ ಅವು ತಿರುಪಿನವು, ತಿರುಗಿಸಿದರೆ ಹೊರಗೆ ಬರುತ್ತವೆ. ಕಾಗದದ ಪಟ್ಟಿಯೊಂದನ್ನು ಸ್ಟಾಪರ್ ಎದುರು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಸಡಿಲವಿದೆ ಎಂದರ್ಥ. ಎರಡೂ ಬದಿಗೆ ಸಮನಾಗಿ, ಅರ್ಧರ್ಧ ಸುತ್ತು ಹೊರಗೆ ತಂದು ಮತ್ತೆ ನೋಡಬೇಕು. ಅತಿಯಾದರೆ ಲಾಕ್ ಪೂರ್ತಿ ಬೀಳದು. ನಮ್ಮಲ್ಲಿ ಗುದ್ದಿನಂಥ ಸದ್ದು ನಿಂತದ್ದು ಈ ಖರ್ಚಿಲ್ಲದ ಕೆಲಸದಿಂದ. ಸರ್ವಿಸ್ ಸೆಂಟರಿನಲ್ಲಿ ಇದನ್ನು ಯಾರೂ ಮುಟ್ಟಿಯೂ ನೋಡಿರಲಿಲ್ಲ.

ಇನ್ನು ಬೀಡಿಂಗ್. ಧೂಳು ಕುಳಿತು ಒಣಗಿದಾಗ ರಬ್ಬರ್ ಬಣ್ಣಕ್ಕೆ ಅಂಟಿ, ಜಾರಿ, ಮತ್ತೆ ಅಂಟುತ್ತದೆ. ಕಿರ್ ಎನ್ನುವುದು ಆಗಲೇ. ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬೇಕು. ಇಂಜಿನ್ ಆಯಿಲ್ ಅಥವಾ ಸಾಮಾನ್ಯ ಗ್ರೀಸ್ ಬೇಡವೇ ಬೇಡ. ಬೀಡಿಂಗಿನ ಇಪಿಡಿಎಂ ಎಂಬ ಕೃತಕ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬಿ ಹಾಳಾಗುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಮತ್ತೆ ಸವರಬೇಕಾಯಿತು, ಅದೊಂದೇ ತಾಪತ್ರಯ. ಹೆಚ್ಚು ಮೆತ್ತಿದರೆ ಸಾಮಾನು ಇಳಿಸುವಾಗ ಅಂಗಿಗೂ ತಗಲುತ್ತದೆ.

ಈಗ ಉಳಿದಿರುವುದು ಚಳಿಗಾಲದ ಬೆಳಿಗ್ಗೆ ಕೇಳುವ ಸಣ್ಣ ಟಿಕಟಿಕ. ಅದು ಬಾಗಿಲಿನ ಒಳಹಲಗೆಯ ಕ್ಲಿಪ್‌ಗಳದು. ಅವು ಸವೆದಿದ್ದರೆ ಟೇಪಿನಿಂದ ಪ್ರಯೋಜನವಿಲ್ಲ, ಹೊಸವನ್ನೇ ಹಾಕಬೇಕು.