ವೈಫೈ ಪದೇ ಪದೇ ಕಟ್ ಆಗುತ್ತಿದೆಯಾ? ಫೋನನ್ನು ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ವೈಫೈ ನಿಲ್ಲುತ್ತಿಲ್ಲ ಅಂತ ತೋರಿಸಿದಾಗ ಯಾರಾದರೂ "ಒಂದ್ಸಲ ಫುಲ್ ರೀಸೆಟ್ ಮಾಡಿದ್ರೆ ಸರಿ ಹೋಗುತ್ತೆ" ಅಂದರೆ ಒಪ್ಪಬೇಡಿ. ತೊಂದರೆ ಫೋನಿನದೋ ರೌಟರ್‌ನದೋ ಅಂತ ಗೊತ್ತಾಗುವ ತನಕ ಒಪ್ಪಲೇಬೇಡಿ. ನಮ್ಮ ಅಮ್ಮನ ಫೋನ್ ಹೀಗೇ ರಿಪೇರಿಗೆ ಹೋಗಿ, ಒಳಗಿದ್ದದ್ದೆಲ್ಲಾ ಅಳಿಸಿಹೋಗಿ ವಾಪಸ್ ಬಂತು. ವೈಫೈ ಮಾತ್ರ ಮೊದಲಿನಂತೆಯೇ ಕಟ್ ಆಗುತ್ತಿತ್ತು. ಯಾಕೆಂದರೆ ತೊಂದರೆ ಇದ್ದದ್ದು ಫೋನಿನಲ್ಲಿ ಅಲ್ಲ, ರೌಟರ್‌ನಲ್ಲಿ. ಅದನ್ನು ಪತ್ತೆ ಮಾಡುವಷ್ಟರಲ್ಲಿ ಹೋಗಬೇಕಾದದ್ದೆಲ್ಲಾ ಹೋಗಿತ್ತು.

ಆಗುತ್ತಿದ್ದದ್ದು ಇಷ್ಟು. ಅಮ್ಮ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾ ಇರುತ್ತಾಳೆ, ಇದ್ದಕ್ಕಿದ್ದಂತೆ ಚಿತ್ರ ನಿಂತುಬಿಡುತ್ತದೆ. ಮೇಲೆ ವೈಫೈ ಗುರುತೇ ಇರುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದರೆ ಆ ಫೋನ್ ಕನೆಕ್ಟ್ ಆಗುವ ನಮ್ಮ ನೆಟ್‌ವರ್ಕ್ ಹೆಸರು ಪಟ್ಟಿಯಲ್ಲೇ ಇಲ್ಲ. ಒಂದೆರಡು ನಿಮಿಷ ಬಿಟ್ಟು ತಾನಾಗಿ ಬರುತ್ತದೆ, ಏನೂ ಆಗಿಲ್ಲವೇನೋ ಅನ್ನುವ ಹಾಗೆ ಕನೆಕ್ಟ್ ಆಗುತ್ತದೆ. ಒಂದೊಂದು ದಿನ ಸುದ್ದಿಯೇ ಇಲ್ಲ, ಒಂದೊಂದು ದಿನ ಮೇಲಿಂದ ಮೇಲೆ. ಅದೇ ಹೊತ್ತಿಗೆ ಟಿವಿ ಚೆನ್ನಾಗಿ ಓಡುತ್ತಿರುತ್ತದೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ನೆಟ್ ಇರುತ್ತದೆ, ನನ್ನ ಫೋನಿಗೂ ಏನೂ ಆಗಿರುವುದಿಲ್ಲ.

ಹಾಗಾಗಿ ಎಲ್ಲರೂ ಹೇಳಿದ್ದು ಒಂದೇ ಮಾತು. ಬೇರೆ ಎಲ್ಲದರಲ್ಲೂ ನೆಟ್ ಬರುತ್ತಿದೆ, ಇದರಲ್ಲಿ ಮಾತ್ರ ಇಲ್ಲ, ಅಂದಮೇಲೆ ಫೋನೇ ಕೆಟ್ಟಿದೆ. ಇಂಟರ್ನೆಟ್ ಕಂಪನಿಯ ಕಸ್ಟಮರ್ ಕೇರ್‌ನವರೂ ಹಾಗೇ ಹೇಳಿ ಕೈತೊಳೆದುಕೊಂಡರು. ಕೇಳಿದರೆ ಸರಿ ಅನ್ನಿಸುತ್ತದೆ ಅಲ್ವಾ? ಈ ಮಾತಿನಲ್ಲೇ ಮೋಸ ಇರುವುದು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಸರ್ವಿಸ್ ಸೆಂಟರ್‌ನಲ್ಲಿ ಫೋನ್ ತೆಗೆದುಕೊಂಡವರು "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ನೋಡ್ತೀವಿ, ಸಂಜೆ ಬನ್ನಿ" ಅಂದರು. ಅಪ್‌ಡೇಟ್ ಅಂದರೆ ಅಪ್‌ಡೇಟ್ ಅಷ್ಟೇ ಅಲ್ವಾ, ಅದರಲ್ಲಿ ಏನೂ ಅಳಿಯುವುದಿಲ್ಲ. ಸಂಜೆ ಹೋಗಿ ಫೋನ್ ಆನ್ ಮಾಡಿದರೆ ಹೊಸ ಫೋನ್ ಹಾಗೆ ಸ್ವಾಗತ ಹೇಳುತ್ತಾ ಯಾವ ಭಾಷೆ ಬೇಕು ಅಂತ ಕೇಳುತ್ತಿತ್ತು. ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟಿದ್ದರು. ಒಂದು ಮಾತು ಕೇಳಿರಲಿಲ್ಲ, ಒಂದು ಫೋನ್ ಕಾಲ್ ಮಾಡಿರಲಿಲ್ಲ. "ಡೇಟಾ ಹೋಗೋದು ಮಾಮೂಲಿ ಅಮ್ಮ, ಬ್ಯಾಕಪ್ ಇರುತ್ತಲ್ವಾ" ಅಂದರು ಕೌಂಟರ್‌ನಲ್ಲಿದ್ದವರು.

ಫೋಟೋಗಳಿಗೆ ಬ್ಯಾಕಪ್ ಇತ್ತು, ಬಂದವು. ಬಾರದೇ ಹೋದದ್ದು ನೋಟ್ಸ್. ಅಮ್ಮ ವರ್ಷಗಳಿಂದ ಫೋನಿನ ಜೊತೆಗೇ ಬಂದ ನೋಟ್ಸ್ ಆಪ್‌ನಲ್ಲಿ ಒಂದೊಂದೇ ಬರೆದಿಡುತ್ತಿದ್ದಳು. ಅಪ್ಪನಿಗೆ ಯಾವ ಮಾತ್ರೆ ಒಗ್ಗಲಿಲ್ಲ, ಯಾವ ತಿಂಗಳು ಡಾಕ್ಟರ್ ಏನು ಹೇಳಿದರು, ಬಿಪಿ ಎಷ್ಟಿತ್ತು, ಯಾರ ಹತ್ತಿರ ಯಾವ ಕಾಗದ ಇದೆ. ಆ ಆಪ್ ಫೋನಿನಲ್ಲಿ ಮಾತ್ರ ಉಳಿಸಿಡುತ್ತಿತ್ತು. ಜೊತೆಗೆ ಲಾಗಿನ್ ಆಗುವಾಗ ಆರು ಅಂಕಿಯ ಕೋಡ್ ಕೊಡುವ ಆಪ್ ಕೂಡ ಖಾಲಿಯಾಗಿ, ಅಮ್ಮನ ಇಮೇಲ್ ಒಳಗೆ ಹೋಗುವುದೇ ದೊಡ್ಡ ಪರದಾಟವಾಯಿತು.

ಇಲ್ಲಿ ಇನ್ನೊಂದು ಎಚ್ಚರಿಕೆ. ಅಳಿಸಿಹೋದದ್ದನ್ನು ವಾಪಸ್ ತರುತ್ತೇವೆ ಅಂತ ದುಡ್ಡು ಕೇಳುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಫ್ಯಾಕ್ಟರಿ ರೀಸೆಟ್ ಆದಮೇಲೆ ಅವುಗಳಿಂದ ಏನೂ ಆಗುವುದಿಲ್ಲ. ಈಗಿನ ಫೋನುಗಳಲ್ಲಿ ಡೇಟಾ ಎಲ್ಲಾ ಎನ್‌ಕ್ರಿಪ್ಟ್ ಆಗಿರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ಅಳಿದುಹೋಗುತ್ತದೆ. ಕೀಲಿ ಇಲ್ಲದಮೇಲೆ ಒಳಗೆ ಏನು ಉಳಿದಿದ್ದರೂ ಅದು ಬರೀ ಕಸ. ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ.

ಇಷ್ಟೆಲ್ಲಾ ಆಗಿ ಫೋನ್ ಮನೆಗೆ ಬಂದ ಮರುದಿನವೇ ವೈಫೈ ಮತ್ತೆ ಕಟ್. ಕೇಳಿದ್ದಕ್ಕೆ ಬಂದ ಉತ್ತರ, "ಹಾಗಾದ್ರೆ ಬೋರ್ಡೇ ಹೋಗಿರಬೇಕು, ಬದಲಾಯಿಸಬೇಕು." ಬೋರ್ಡ್ ಬದಲಾಯಿಸುವ ಖರ್ಚು ಅಂದರೆ ಹೆಚ್ಚುಕಡಿಮೆ ಇನ್ನೊಂದು ಫೋನಿನ ಖರ್ಚು. ಬೇಡ ಅಂತ ಹೇಳಿ ನಾವೇ ನೋಡಲು ಕೂತೆವು.

ಮೊದಲು ಮಾಡಿದ್ದು ತುಂಬಾ ಸುಲಭದ ಪರೀಕ್ಷೆ. ನನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಅಮ್ಮನ ಫೋನನ್ನು ಅದಕ್ಕೆ ಕನೆಕ್ಟ್ ಮಾಡಿ, ದಿನವೆಲ್ಲಾ ಹಾಗೇ ಬಿಟ್ಟೆವು. ಒಂದು ಸಲವೂ ಕಟ್ ಆಗಲಿಲ್ಲ. ಫೋನಿನ ವೈಫೈ ಚಿಪ್ ಕೆಟ್ಟಿದ್ದರೆ ಹಾಟ್‌ಸ್ಪಾಟ್ ಮೇಲೂ ಕಟ್ ಆಗಬೇಕಿತ್ತು. ಸರ್ವಿಸ್ ಸೆಂಟರ್‌ನಲ್ಲಿ ಈ ಒಂದು ಕೆಲಸ ಮಾಡಿದ್ದರೆ ಅಮ್ಮನ ನೋಟ್ಸ್ ಉಳಿಯುತ್ತಿತ್ತು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಆಮೇಲೆ ರೌಟರ್ ಕಡೆ ತಿರುಗಿದೆವು. ಅಮ್ಮ ಒಂದು ಹಳೇ ಲಕೋಟೆಯ ಹಿಂಬದಿಯಲ್ಲಿ ವೈಫೈ ಹೋದ ಹೊತ್ತನ್ನು ಬರೆದಿಡಲು ಶುರು ಮಾಡಿದಳು, ಪೆನ್ಸಿಲ್‌ನಲ್ಲಿ, ಗಂಟೆ ನಿಮಿಷ ಸಮೇತ. ನಾನು ರೌಟರ್‌ಗೆ ಲಾಗಿನ್ ಆಗಿ ಸಿಸ್ಟಮ್ ಲಾಗ್ ತೆರೆದೆ, ಅಂದರೆ ಏನೇನಾಯಿತು ಅಂತ ರೌಟರ್ ತಾನೇ ಹೊತ್ತು ಸಮೇತ ಬರೆದಿಡುವ ದಾಖಲೆ. ಬಹಳಷ್ಟು ರೌಟರ್‌ಗಳಲ್ಲಿ ಇದು ಇರುತ್ತದೆ. ವಿಳಾಸ, ಪಾಸ್‌ವರ್ಡ್ ಅದರ ಅಡಿಯ ಸ್ಟಿಕರ್ ಮೇಲೆ ಇರುತ್ತವೆ. ಲಕೋಟೆಯ ಮೇಲಿದ್ದ ಹೊತ್ತಿಗೆ ಸರಿಯಾಗಿ ಲಾಗ್‌ನಲ್ಲೂ ಒಂದೊಂದು ಸಾಲು ಇತ್ತು: "ಡಿಎಫ್‌ಎಸ್ ರೇಡಾರ್ ಡಿಟೆಕ್ಟೆಡ್." ಪ್ರತಿ ಸಲವೂ ಅದೇ ಸಾಲು, ಅದರ ಕೆಳಗೆ ಚಾನೆಲ್ ಬದಲಾಯಿಸಿದ ಇನ್ನೊಂದು ಸಾಲು.

ಇದು ತುಂಬಾ ಜನರಿಗೆ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆಯ ವೈಫೈ ಸಾಮಾನ್ಯವಾಗಿ ಎರಡು ಆವರ್ತನದ ಬ್ಯಾಂಡ್‌ಗಳಲ್ಲಿ ಓಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಐದರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಒಂದೊಂದು ಬ್ಯಾಂಡ್ ಒಳಗೂ ಚಾನೆಲ್ ಅಂತ ನಂಬರ್ ಹಾಕಿದ ಸಣ್ಣ ಸಣ್ಣ ಭಾಗಗಳಿರುತ್ತವೆ. ಈ ಐದರ ಒಳಗೆ 52ರಿಂದ 64 ಮತ್ತು 100ರಿಂದ 144ರ ನಡುವಿನ ಚಾನೆಲ್‌ಗಳನ್ನು ಹವಾಮಾನದ ರೇಡಾರ್‌ಗಳು, ಸೇನೆಯ ರೇಡಾರ್‌ಗಳು ಕೂಡ ಬಳಸುತ್ತವೆ. ಅಲ್ಲಿ ರೇಡಾರ್‌ಗೇ ಮೊದಲ ಹಕ್ಕು. ಹಾಗಾಗಿ ಆ ಚಾನೆಲ್‌ನಲ್ಲಿ ಕೂರಬೇಕಾದರೆ ರೌಟರ್ ಮೊದಲು ಕನಿಷ್ಠ 60 ಸೆಕೆಂಡ್ ಸುಮ್ಮನಿದ್ದು ಆಲಿಸಬೇಕು. ಕೂತಮೇಲೂ ರೇಡಾರ್ ಸದ್ದು ಕೇಳಿಸಿತು ಅಂದರೆ 10 ಸೆಕೆಂಡ್ ಒಳಗೆ ಜಾಗ ಖಾಲಿ ಮಾಡಬೇಕು, ಮುಂದಿನ 30 ನಿಮಿಷ ಆ ಚಾನೆಲ್ ಮುಟ್ಟುವಂತಿಲ್ಲ. ಇದನ್ನೇ ಡಿಎಫ್‌ಎಸ್ ಅನ್ನುವುದು. ನಿಯಮ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ರೌಟರ್ ಯಾವಾಗಲೂ ನಿಜವಾದ ರೇಡಾರ್ ಕಂಡೇ ಓಡುತ್ತದೆ ಅಂತಿಲ್ಲ. ಬೇರೆ ಯಾವುದೋ ಸಿಗ್ನಲ್ ನೋಡಿ ಅದನ್ನೇ ರೇಡಾರ್ ಅಂದುಕೊಳ್ಳುವುದೂ ಉಂಟು.

ನಮ್ಮ ರೌಟರ್‌ನಲ್ಲಿ ಚಾನೆಲ್ ಆಯ್ಕೆ "ಆಟೋ" ಅಂತ ಇತ್ತು. ಅದು ಒಂದು ರೇಡಾರ್ ಚಾನೆಲ್ ಬಿಟ್ಟು ಇನ್ನೊಂದು ರೇಡಾರ್ ಚಾನೆಲ್‌ಗೇ ಹೋಗಿ ಕೂರುತ್ತಿತ್ತು. ಕೂರುವ ಮುಂಚೆ ಆ 60 ಸೆಕೆಂಡ್ ಮೌನ. ಆ ಹೊತ್ತಿನಲ್ಲಿ ಗಾಳಿಯಲ್ಲಿ ನಮ್ಮ 5 ಗಿಗಾಹರ್ಟ್ಸ್ ನೆಟ್‌ವರ್ಕೇ ಇಲ್ಲ. ಅದಕ್ಕೇ ಪಟ್ಟಿಯಲ್ಲಿ ಹೆಸರೂ ಕಾಣುತ್ತಿರಲಿಲ್ಲ. ಬೇರೆ ಸಾಧನಗಳಿಗೆ ಯಾಕೆ ಏನೂ ಆಗುತ್ತಿರಲಿಲ್ಲ ಅಂದರೆ, ಟಿವಿಗೆ ಕೇಬಲ್ ಹಾಕಿತ್ತು. ಹಳೇ ಲ್ಯಾಪ್‌ಟಾಪ್‌ಗೆ 5 ಗಿಗಾಹರ್ಟ್ಸ್ ಹಿಡಿಯುವುದೇ ಇಲ್ಲ. ನಮ್ಮ ರೌಟರ್‌ನಲ್ಲಿ ಎರಡು ಬ್ಯಾಂಡ್‌ಗೂ ಬೇರೆ ಬೇರೆ ಹೆಸರು, ನನ್ನ ಫೋನಿನಲ್ಲಿ ಸೇವ್ ಆಗಿದ್ದದ್ದು 2.4ರ ಹೆಸರು. ಐದರ ಮೇಲೆ ಇದ್ದದ್ದು ಅಮ್ಮನ ಫೋನ್ ಒಂದೇ, ರೌಟರ್ ಹಾಕಲು ಬಂದವರು ಅದರಲ್ಲಿ ಆ ಹೆಸರನ್ನು ಮಾತ್ರ ಸೇವ್ ಮಾಡಿ ಹೋಗಿದ್ದರು. "ಬೇರೆಲ್ಲಾ ಸರಿ ಇದೆ, ಫೋನೇ ಕೆಟ್ಟಿದೆ" ಅನ್ನುವ ಮಾತು ನಿಲ್ಲದೇ ಇರುವುದು ಇಲ್ಲಿ. ಬೇರೆ ಸಾಧನಗಳು ಅದೇ ಹೆಸರಿನ, ಅದೇ ಬ್ಯಾಂಡ್‌ನ ಮೇಲಿದ್ದಾವಾ ಅಂತ ನೋಡದೇ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಸರಿ ಮಾಡಿದ್ದು ಸಣ್ಣ ಬದಲಾವಣೆಗಳಿಂದ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಚಾನೆಲ್ ಆಟೋ ತೆಗೆದು 36 ಅಂತ ಇಟ್ಟೆವು. 36, 40, 44, 48, ಈ ನಾಲ್ಕಕ್ಕೆ ಬಹುತೇಕ ದೇಶಗಳಲ್ಲಿ ರೇಡಾರ್ ಕಾಟ ಇಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ, ತಪ್ಪದೇ ನೋಡಿ. ಚಾನೆಲ್‌ನ ಅಗಲ (ಚಾನೆಲ್ ವಿಡ್ತ್) ಅಂತ ಇನ್ನೊಂದು ಆಯ್ಕೆ ಇರುತ್ತದೆ, 20, 40, 80, 160 ಮೆಗಾಹರ್ಟ್ಸ್ ಅಂತ. 80 ಇಟ್ಟರೆ 36ರಿಂದ 48ರ ತನಕ ಮಾತ್ರ ಹರಡಿಕೊಳ್ಳುತ್ತದೆ. 160 ಇಟ್ಟರೆ 64ರ ತನಕ ಹೋಗುತ್ತದೆ, ಅಂದರೆ 36 ಅಂತ ಆರಿಸಿದ್ದರೂ ಅರ್ಧ ಭಾಗ ರೇಡಾರ್ ಚಾನೆಲ್‌ನಲ್ಲೇ ಇರುತ್ತದೆ. ನಾವು 80ಕ್ಕೆ ಇಳಿಸಿದೆವು. ಅಮ್ಮನ ಫೋನಿನಲ್ಲಿ 2.4ರ ಹೆಸರನ್ನೂ ಸೇವ್ ಮಾಡಿದೆವು. ಆಮೇಲೆ ಆ ಲಕೋಟೆಯ ಮೇಲೆ ಹೊಸದಾಗಿ ಬರೆಯುವ ಪ್ರಸಂಗ ಬರಲಿಲ್ಲ.

ಎಲ್ಲರ ಮನೆಯಲ್ಲೂ ಇದೇ ಕಾರಣ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ಲಕ್ಷಣ ನೋಡಿ. ನಮ್ಮಲ್ಲಾದ ಹಾಗೆ ಹೆಸರೇ ಮಾಯವಾದರೆ ರೌಟರ್ ಮೇಲೆ ಅಥವಾ ಫೋನಿಗೂ ರೌಟರ್‌ಗೂ ಇರುವ ದೂರದ ಮೇಲೆ ಅನುಮಾನಪಡಿ. ಹೆಸರು ಇದೆ, ಕನೆಕ್ಟೆಡ್ ಅಂತಲೂ ತೋರಿಸುತ್ತದೆ, ಆದರೆ ಇಂಟರ್ನೆಟ್ ಇಲ್ಲ ಅನ್ನುತ್ತದೆ ಅಂದರೆ ಅದು ಬೇರೆ ಕಥೆ. ಆಂಡ್ರಾಯ್ಡ್ 9ರಿಂದ ಪ್ರೈವೇಟ್ ಡಿಎನ್‌ಎಸ್ ಅಂತ ಒಂದು ಸೆಟ್ಟಿಂಗ್ ಇದೆ, ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸರ್ವರ್ ಯಾವುದು ಅಂತ ಆರಿಸುವುದು ಅಲ್ಲಿ. ಜಾಹೀರಾತು ತಡೆಯಲಿಕ್ಕೆ ಯಾರೋ ಹೇಳಿದ್ದು ಕೇಳಿ ಅಲ್ಲಿ ಒಂದು ವಿಳಾಸ ಹಾಕಿ ಮರೆತಿರುತ್ತೇವೆ, ಆ ಸರ್ವರ್ ಮಲಗಿದರೆ ನಮ್ಮ ನೆಟ್ ಕೂಡ ಮಲಗುತ್ತದೆ. ಅದನ್ನು ಆಟೋಮ್ಯಾಟಿಕ್‌ಗೆ ಹಾಕಿ ನೋಡಿ. ವಿಪಿಎನ್ ಆಪ್ ಇದ್ದರೆ ಆಫ್ ಮಾಡಿ ನೋಡಿ. ಫೋನಿನ ದಿನಾಂಕ, ಸಮಯ ತಪ್ಪಾಗಿದ್ದರೂ ಸೈಟುಗಳು ತೆರೆಯುವುದಿಲ್ಲ. "ಐಪಿ ವಿಳಾಸ ಪಡೆಯಲಾಗುತ್ತಿದೆ" ಅಂತಲೇ ನಿಂತುಬಿಟ್ಟರೆ ರೌಟರ್ ಹಂಚುವ ವಿಳಾಸಗಳು ಮುಗಿದಿರಬಹುದು, ಆಫ್ ಮಾಡಿ ಆನ್ ಮಾಡಿದರೆ ಸದ್ಯಕ್ಕೆ ಸರಿಯಾಗುತ್ತದೆ. ರೌಟರ್‌ನಲ್ಲಿ ಇಂತಿಂಥ ಸಾಧನಕ್ಕೆ ಮಾತ್ರ ಪ್ರವೇಶ ಅಂತ ಮ್ಯಾಕ್ ವಿಳಾಸದ (ಸಾಧನದ ಗುರುತಿನ ಸಂಖ್ಯೆಯ) ಮೇಲೆ ಮ್ಯಾಕ್ ಫಿಲ್ಟರ್ ಹಾಕಿದ್ದೀರಾ? ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಫೋನುಗಳು ನಿಜವಾದ ಮ್ಯಾಕ್ ವಿಳಾಸದ ಬದಲು ತಾವೇ ಸೃಷ್ಟಿಸಿದ ವಿಳಾಸ ತೋರಿಸುತ್ತವೆ. ಆಗ ರೌಟರ್ ಅದನ್ನು ಯಾರೋ ಹೊರಗಿನವರು ಅಂತ ತಡೆಯುತ್ತದೆ. ಸ್ಕ್ರೀನ್ ಆಫ್ ಆದಾಗ ಮಾತ್ರ ಮೆಸೇಜ್ ತಡವಾಗಿ ಬಂದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ನೋಡಿ. 2.4ರಲ್ಲಿದ್ದು ಮೈಕ್ರೋವೇವ್ ಓಡುವಾಗ ಮಾತ್ರ ಕಟ್ ಆದರೆ ಕಾರಣ ಅದೇ, ಎರಡೂ ಹತ್ತಿರ ಹತ್ತಿರ ಒಂದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ.

ಇನ್ನೊಂದು ವಿಷಯ ಸ್ವಲ್ಪ ಗಮನವಿಟ್ಟು ಓದಿ. ವೈಫೈ ಸೊರಗಿದಾಗ ತಾನಾಗಿ ಮೊಬೈಲ್ ಡೇಟಾಗೆ ಹೋಗುವ ಸೆಟ್ಟಿಂಗ್ ಈಗ ಬಹಳ ಫೋನುಗಳಲ್ಲಿದೆ. ಐಫೋನ್‌ನಲ್ಲಿ ವೈಫೈ ಅಸಿಸ್ಟ್ ಅನ್ನುತ್ತಾರೆ, 2015ರಲ್ಲಿ ಐಓಎಸ್ 9ರ ಜೊತೆ ಬಂತು. ಅನುಕೂಲವೇನೋ ಹೌದು. ಆದರೆ ವೈಫೈ ಕಟ್ ಆಗುತ್ತಿರುವುದು ನಿಮಗೆ ಗೊತ್ತೇ ಆಗುವುದಿಲ್ಲ, ಡೇಟಾ ಖರ್ಚಾಗುತ್ತಾ ಹೋಗುತ್ತದೆ. ತೊಂದರೆ ಹುಡುಕುವಷ್ಟು ದಿನ ಅದನ್ನು ಆಫ್ ಮಾಡಿಡಿ, ಆಗ ಯಾವಾಗ ಕಟ್ ಆಯಿತು ಅಂತ ಸರಿಯಾಗಿ ತಿಳಿಯುತ್ತದೆ.

ರೀಸೆಟ್ ಬೇಕೇಬೇಕು ಅನ್ನಿಸಿದರೆ "ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್" ಅಂತ ಬೇರೆಯೇ ಇದೆ. ಅದರಲ್ಲಿ ಸೇವ್ ಆದ ವೈಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜೋಡಣೆಗಳಂಥ ನೆಟ್‌ವರ್ಕ್ ಸೆಟ್ಟಿಂಗ್‌ಗಳು ಹೋಗಬಹುದು ಅಷ್ಟೇ. ಫೋಟೋ, ನೋಟ್ಸ್, ಮೆಸೇಜ್ ಯಾವುದಕ್ಕೂ ಏನೂ ಆಗುವುದಿಲ್ಲ. ಫ್ಯಾಕ್ಟರಿ ರೀಸೆಟ್ ಎಲ್ಲವನ್ನೂ ಅಳಿಸುತ್ತದೆ. ಎರಡರ ಹೆಸರಲ್ಲೂ ರೀಸೆಟ್ ಇರುವುದರಿಂದ ಗಡಿಬಿಡಿಯಲ್ಲಿ ಯಾರು ಬೇಕಾದರೂ ಎಡವಬಹುದು, ಒತ್ತುವ ಮುಂಚೆ ಇನ್ನೊಮ್ಮೆ ಓದಿ. ವೈಫೈ ಬೂಸ್ಟರ್ ಅಂತ ಸಿಗುವ ಆಪ್‌ಗಳನ್ನಂತೂ ಹಾಕಲೇಬೇಡಿ. ಆಂಟೆನಾದ ಶಕ್ತಿಯನ್ನು ಯಾವ ಆಪ್ ಕೂಡ ಹೆಚ್ಚಿಸಲಾರದು.

ಫೋನೇ ನಿಜವಾಗಿ ಕೆಟ್ಟಿದ್ದರೆ ಅದರ ಗುರುತು ಬೇರೆ. ವೈಫೈ ಬಟನ್ ಮಂಕಾಗಿ ಒತ್ತಿದರೂ ಆನ್ ಆಗುವುದಿಲ್ಲ. ಅದರ ಜೊತೆ ಬ್ಲೂಟೂತ್ ಕೂಡ ಕೈಕೊಡುತ್ತದೆ, ಯಾಕೆಂದರೆ ಬಹಳ ಫೋನುಗಳಲ್ಲಿ ಎರಡಕ್ಕೂ ಒಂದೇ ಚಿಪ್. ರೌಟರ್ ಪಕ್ಕದಲ್ಲಿ ಕೂತರೂ ಸಿಗ್ನಲ್ ಒಂದೇ ಕಡ್ಡಿ ಇರುತ್ತದೆ, ಯಾರ ಹಾಟ್‌ಸ್ಪಾಟ್‌ಗೆ ಹಾಕಿದರೂ ಅದೇ ಪಾಡು. ಫೋನ್ ಬಿದ್ದಮೇಲೆ ಅಥವಾ ನೀರಾದಮೇಲೆ ಶುರುವಾಗಿದ್ದರೆ ಇನ್ನೂ ಖಚಿತ. ಆಗ ರಿಪೇರಿಗೆ ಕೊಡಲೇಬೇಕು.

ಕೊಡುವ ಮುಂಚೆ ನೋಟ್ಸ್, ರೆಕಾರ್ಡಿಂಗ್, ಕೋಡ್ ಆಪ್, ಚಾಟ್, ಒಂದೊಂದಕ್ಕೂ ಬ್ಯಾಕಪ್ ಇದೆಯಾ ಅಂತ ಬೇರೆ ಬೇರೆಯಾಗಿ ನೋಡಿ. ಫೋಟೋ ಬ್ಯಾಕಪ್ ಆಗಿದೆ ಅಂದರೆ ಎಲ್ಲಾ ಆಗಿದೆ ಅಂತ ಅರ್ಥವಲ್ಲ. ಹಾಟ್‌ಸ್ಪಾಟ್ ಪರೀಕ್ಷೆಯಲ್ಲಿ ಏನಾಯಿತು ಅಂತ ಅವರಿಗೆ ಹೇಳಿ. ರಸೀದಿಯ ಮೇಲೆ "ಕೇಳದೆ ಡೇಟಾ ಅಳಿಸಬಾರದು" ಅಂತ ಅವರ ಕೈಯಲ್ಲೇ ಬರೆಸಿ, ಅದರ ಒಂದು ಫೋಟೋ ಇನ್ನೊಬ್ಬರ ಫೋನಿನಲ್ಲಿ ತೆಗೆದುಕೊಳ್ಳಿ. ಬೋರ್ಡ್ ಹೋಗಿದೆ ಅಂದರೆ ಯಾವ ಪರೀಕ್ಷೆ ಮಾಡಿ ಹೇಳುತ್ತಿದ್ದೀರಿ ಅಂತ ಕೇಳಿ. ಅದಕ್ಕೆ ನೇರ ಉತ್ತರ ಬರದಿದ್ದರೆ ಫೋನ್ ವಾಪಸ್ ತೆಗೆದುಕೊಂಡು ಬಂದುಬಿಡಿ.