ಹಳೆ ಸಾಮಾನಿನ ರಿಯಾಲಿಟಿ ಶೋ: ಎಷ್ಟು ಅಸಲಿ, ಎಷ್ಟು ನಾಟಕ?

ಹಳೆ ಸಾಮಾನು ಕೊಂಡು ಮಾರುವ ಅಮೆರಿಕದ ರಿಯಾಲಿಟಿ ಶೋಗಳ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿ, ಮನೆಯ ತಾಮ್ರದ ಹಂಡೆಯನ್ನೋ ಅಜ್ಜಿ ಕಾಲದ ಬೆಳ್ಳಿ ರೂಪಾಯಿಯನ್ನೋ ಹಿಡಿದು ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಬರುವವರಿದ್ದಾರೆ. ಅಂಗಡಿಯವರು ಹೇಳುವ ದರ ಕೇಳಿ ಮೋಸ ಅಂದುಕೊಳ್ಳುತ್ತಾರೆ. ಶೋಗಳಲ್ಲಿ ಬರುವ ವಸ್ತು ಬಹುಮಟ್ಟಿಗೆ ಅಸಲಿಯೇ. ಅದು ಕ್ಯಾಮೆರಾ ಮುಂದೆ ಬರುವ ರೀತಿ ಮೊದಲೇ ಗೊತ್ತುಮಾಡಿದ್ದು. ನೋಡುಗರಿಗೆ ನಿಜವಾದ ಪೆಟ್ಟು ಬೀಳುವುದು ಪರದೆಯ ಮೇಲೆ ಮೂಡುವ ಬೆಲೆಯಿಂದ.

2009ರಲ್ಲಿ ಶುರುವಾದ ‘ಪಾನ್ ಸ್ಟಾರ್ಸ್’ ನೋಡಿ. ಲಾಸ್ ವೇಗಸ್‌ನ ಆ ಗಿರವಿ ಅಂಗಡಿ ನಿಜವಾದದ್ದು, 1989ರಿಂದ ಇದೆ. ಆದರೆ ಕೌಂಟರಿಗೆ ಬರುವ ಮಾರಾಟಗಾರರು ದಾರಿಯಲ್ಲಿ ಹೋಗುತ್ತಿದ್ದವರಲ್ಲ. ಅವರು ಮೊದಲೇ ಅರ್ಜಿ ಹಾಕಿ, ವಸ್ತುವಿನ ವಿವರ ಕೊಟ್ಟು, ಆಯ್ಕೆಯಾಗಿ ಬಂದವರು. ‘ನನಗೊಬ್ಬ ಪರಿಣಿತ ಗೊತ್ತು, ಕರೆಸುತ್ತೇನೆ’ ಎನ್ನುವ ಹೊತ್ತಿಗೆ ಆ ಪರಿಣಿತನ ಸಮಯವೂ ನಿಗದಿಯಾಗಿರುತ್ತದೆ. ಇಷ್ಟಾದರೂ ಈ ಶೋದಲ್ಲಿ ಕಲಿಯುವಂಥದ್ದು ಒಂದಿದೆ: ಪರಿಣಿತ ಹೇಳಿದ ಬೆಲೆಗಿಂತ ಬಹಳ ಕಡಿಮೆಗೆ ಅಂಗಡಿಯವರು ಕೇಳುವುದು. ದುರಸ್ತಿ, ಚೌಕಟ್ಟು, ಹರಾಜಿನ ಕಮಿಷನ್, ಗಿರಾಕಿ ಸಿಗುವ ತನಕ ಸಿಕ್ಕಿಬೀಳುವ ದುಡ್ಡು, ಎಲ್ಲವೂ ಆ ಅಂತರದಲ್ಲೇ ಹೊರಡಬೇಕು. ಯಾವ ಊರಿನ ವ್ಯಾಪಾರಕ್ಕೂ ಈ ಲೆಕ್ಕ ಒಪ್ಪುತ್ತದೆ.

ಊರೂರು ಸುತ್ತಿ ಹಳೆ ಸಾಮಾನು ಕೊಳ್ಳುವ ‘ಅಮೆರಿಕನ್ ಪಿಕರ್ಸ್’ನಲ್ಲಿ ಗೋದಾಮಿನ ಬಾಗಿಲು ತೆರೆಯುವ ದೃಶ್ಯವನ್ನು ಗಮನವಿಟ್ಟು ನೋಡಬೇಕು. ಎಷ್ಟೋ ಸಲ ಕ್ಯಾಮೆರಾ ಒಳಗಿನಿಂದ ನೋಡುತ್ತಿರುತ್ತದೆ. ಅಂದರೆ ತಂಡ ಮೊದಲೇ ಒಳಹೊಕ್ಕಾಗಿದೆ. ಮಾಲೀಕರ ಅಂಗಿಗೆ ಮೈಕ್ ಸಿಕ್ಕಿಸಿದೆಯೇ, ಕಿಟಕಿಯಿಲ್ಲದ ಮೂಲೆಯಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ, ಒಂದೇ ಮಾತಿನ ನಡುವೆ ಕ್ಯಾಮೆರಾ ಕೋನ ಎಷ್ಟು ಸಲ ಬದಲಾಗುತ್ತದೆ, ಇಷ್ಟು ನೋಡಿದರೆ ‘ಅಚಾನಕ್ ಭೇಟಿ’ ಅಲ್ಲವೆಂದು ತಿಳಿಯುತ್ತದೆ. ದೊಡ್ಡ ಸಂಗ್ರಹವಿದ್ದವರು ಸಂಪರ್ಕಿಸಿ ಎಂದು ವಾಹಿನಿಯವರೇ ಪ್ರಕಟಣೆ ಕೊಡುತ್ತಾರೆ.

ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದು, ಬಾಡಿಗೆ ಕಟ್ಟದವರ ಗೋದಾಮಿನ ಸಾಮಾನನ್ನು ಹರಾಜಿನಲ್ಲಿ ಕೊಳ್ಳುವ ‘ಸ್ಟೋರೇಜ್ ವಾರ್ಸ್’. ಗೋದಾಮುಗಳಲ್ಲಿ ಬೆಲೆಬಾಳುವ ಸಾಮಾನನ್ನು ನಿರ್ಮಾಪಕರೇ ಇಡಿಸುತ್ತಾರೆ ಎಂದು ಅದರಲ್ಲಿದ್ದ ಡೇವ್ ಹೆಸ್ಟರ್ 2012ರ ಡಿಸೆಂಬರಿನಲ್ಲಿ ದಾವೆ ಹೂಡಿದರು. ಕಾರ್ಯಕ್ರಮವನ್ನು ಹೇಗೆ ಕಟ್ಟಬೇಕೆನ್ನುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದು ವಾಹಿನಿ ವಾದಿಸಿತು. ದಾವೆಯ ಒಂದು ಭಾಗ ಬಿದ್ದುಹೋಯಿತು, ಉಳಿದದ್ದು 2014ರಲ್ಲಿ ರಾಜಿಯಲ್ಲಿ ಮುಗಿಯಿತು. ಆರೋಪ ಸಾಬೀತಾಗಲಿಲ್ಲ, ಹುಸಿಯೆಂದೂ ತೀರ್ಮಾನವಾಗಲಿಲ್ಲ. ಅದೇನೇ ಇರಲಿ, ಕೊನೆಗೆ ತೋರಿಸುವ ‘ಲಾಭ’ ಅಂದಾಜು ಬೆಲೆಗಳ ಮೊತ್ತದಿಂದ ಕೂಗಿದ ಬೆಲೆ ಕಳೆದದ್ದು, ಅಷ್ಟೇ. ಸಾಮಾನು ಇನ್ನೂ ಮಾರಾಟವೇ ಆಗಿರುವುದಿಲ್ಲ.

ಬಿಬಿಸಿಯ ‘ಆಂಟಿಕ್ಸ್ ರೋಡ್‌ಶೋ’ (1979) ಮತ್ತು ಅದರ ಅಮೆರಿಕನ್ ರೂಪ (1997) ಮೇಲಿನ ಮೂರು ಶೋಗಳಿಗಿಂತ ಎಷ್ಟೋ ಮೇಲು. ಅಲ್ಲಿ ಮೌಲ್ಯ ಹೇಳುತ್ತಾರೆ, ಕೊಳ್ಳುವುದಿಲ್ಲ. ಹಾಗಂತ ಆ ಅಮೆರಿಕನ್ ರೂಪವೂ ಕಳಂಕವಿಲ್ಲದ್ದಲ್ಲ. ಕಲ್ಲಂಗಡಿ ಹೆಚ್ಚಲು ಬಳಸುತ್ತಿದ್ದೆವು ಎಂದು ಒಬ್ಬರು ತಂದ ಅಮೆರಿಕನ್ ಅಂತರ್ಯುದ್ಧದ ಕತ್ತಿಯ ಪ್ರಸಂಗ ಇಬ್ಬರು ಪರಿಣಿತರು ಕಟ್ಟಿದ ನಾಟಕವೆಂದು ಆಮೇಲೆ ಬಯಲಾಯಿತು. ವಾಹಿನಿ ಅವರನ್ನು ಕೈಬಿಟ್ಟಿತು, ಮುಂದೆ ಬೇರೆ ವಂಚನೆಗಳ ಜೊತೆ ಪ್ರಕರಣ ಕೋರ್ಟಿಗೂ ಹೋಯಿತು. ನಾಟಕವಿಲ್ಲದೆಯೂ ಬೆಲೆ ತಪ್ಪುವುದುಂಟು. 50,000 ಡಾಲರ್ ತನಕ ಬೆಲೆ ಕಟ್ಟಿದ್ದ ಮುಖಗಳುಳ್ಳ ಒಂದು ಜಾಡಿ, 1970ರ ದಶಕದಲ್ಲಿ ಹೈಸ್ಕೂಲ್ ವಿದ್ಯಾರ್ಥಿನಿಯೊಬ್ಬಳು ಮಾಡಿದ್ದೆಂದು 2016ರಲ್ಲಿ ಗೊತ್ತಾಯಿತು. ಬೆಲೆ 3,000ದಿಂದ 5,000 ಡಾಲರಿಗೆ ಇಳಿಯಿತು.

ಇನ್ನು ನಮ್ಮ ಕಡೆಯ ಲೆಕ್ಕ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. 1940ರಿಂದ 1945ರ ನಡುವಿನವುಗಳಲ್ಲಿ ಬೆಳ್ಳಿ ಅರ್ಧ ಮಾತ್ರ. ಸಾಮಾನ್ಯ ಇಸವಿಯದ್ದಾದರೆ ಬೆಳ್ಳಿಯ ದರಕ್ಕಿಂತ ತುಸು ಹೆಚ್ಚು ಸಿಗಬಹುದು, ಲಕ್ಷ ಸಿಗುವುದಿಲ್ಲ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯದ್ದಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ: ಸಂಗ್ರಾಹಕರು ಹುಡುಕುವುದು ಆ ಹಳೆಯ ಮೇಲ್ಮೈಯನ್ನೇ. ರಾಮ ದರ್ಬಾರದ ಚಿತ್ರವಿರುವ 1818ರ ‘ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ ಎಂದೂ ಚಲಾವಣೆಯಲ್ಲಿ ಇರಲಿಲ್ಲ. ಹಳೆ ನೋಟು-ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಹಂಡೆ, ಕೊಡ, ಹಿತ್ತಾಳೆಯ ದೀಪದ ಸಮೆಗೆ ಮಾಮೂಲಾಗಿ ಸಿಗುವುದು ತೂಕದ ದರ. ಅರಗಿನ ಬಣ್ಣ ಹಚ್ಚಿದ ಕಲಘಟಗಿಯ ಮರದ ತೊಟ್ಟಿಲಿನ ಮಾತು ಬೇರೆ. ಅರಗಿನ ಮೂಲ ಬಣ್ಣ ಉಳಿದಿದ್ದರೆ ಮೇಲೆ ಎನಾಮಲ್ ಪೇಂಟ್ ಹೊಡೆಸಲೇಬಾರದು, ಹೊಡೆಸಿದರೆ ಆ ಹೆಚ್ಚುಗಾರಿಕೆ ಅಲ್ಲಿಗೇ ಹೋಯಿತು.

ಲಕ್ಕುಂಡಿಯಂಥ ಊರಿನ ಹಿತ್ತಲಲ್ಲಿ ಬಿದ್ದಿರುವ ಮೂರ್ತಿಗೆ ಮಾತ್ರ ಪಿಕರ್ಸ್ ವಿದ್ಯೆ ನಡೆಯದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ನೋಂದಣಿಯಾಗಬೇಕು, ಪುರಾವಸ್ತು ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಕಳಿಸಿ ಸಿಕ್ಕಿಬಿದ್ದರೆ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು.