ಬೆಟ್ಟದ ಊರಿಗೆ ಹೋಂಸ್ಟೇಯೋ, ರೆಸಾರ್ಟೋ?

ಹಣ ಊರಿನಲ್ಲೇ ಉಳಿಯಬೇಕೆಂದರೆ ಹೋಂಸ್ಟೇ ಮೇಲು: ಹಾಲು, ತರಕಾರಿ, ದಾರಿ ತೋರುವವರ ಕೂಲಿ ಎಲ್ಲವೂ ನೆರೆಹೊರೆಗೇ ಸೇರುತ್ತದೆ. ರೆಸಾರ್ಟ್‌ನ ಲಾಭ ಹೆಚ್ಚಾಗಿ ಹೊರಗಿನ ಹೂಡಿಕೆದಾರರದು. ಆದರೆ ಬಿಟ್ಟುಕೊಡಲು ಒಂದು ಕೋಣೆಯೂ ಇಲ್ಲದ ಬಡವರಿಗೆ ರೆಸಾರ್ಟ್ ಕೊಡುವ ತಿಂಗಳ ಸಂಬಳ ದೊಡ್ಡದು, ಇದನ್ನು ಮರೆಯಬಾರದು.

ನನ್ನನ್ನು ಹೆಚ್ಚು ಕಾಡುವುದು ನೀರು. ಒರತೆಗಳು ಬತ್ತುವ ಕಾಲಕ್ಕೇ ಪ್ರವಾಸಿಗರು ಹೆಚ್ಚುವುದುಂಟು. ಆಗ ರೆಸಾರ್ಟ್‌ನ ಕೊಳವೆಬಾವಿ ಇಡೀ ಊರಿಗೆ ಕುತ್ತಾಗಬಲ್ಲದು. ಹೋಂಸ್ಟೇಗಳೂ ಲೆಕ್ಕ ಮೀರಿದರೆ ಅದೇ ಪಾಡು. ನೇಪಾಳದಲ್ಲಿ 1986ರಲ್ಲಿ ಆರಂಭವಾದ ಅನ್ನಪೂರ್ಣ ಸಂರಕ್ಷಣಾ ಯೋಜನೆ, ಚಾರಣಿಗರ ಪ್ರವೇಶ ಶುಲ್ಕವನ್ನು ಸಂರಕ್ಷಣೆಗೂ ಹಳ್ಳಿಗಳ ಅಭಿವೃದ್ಧಿಗೂ ಬಳಸುತ್ತದೆ. ಅಂಥ ಏರ್ಪಾಡು ಹೋಂಸ್ಟೇ, ರೆಸಾರ್ಟ್ ಎರಡಕ್ಕೂ ಬೇಕು.

ಹೊಲ, ದನಕರು ಉಳಿದಿರುವ ಊರಿಗೆ ಹೋಂಸ್ಟೇ ಹೊಂದುತ್ತದೆ. ಯುವಕರು ವಲಸೆ ಹೋಗಿ, ಬಂಡವಾಳವೂ ಇಲ್ಲದಿದ್ದರೆ ರೆಸಾರ್ಟ್ ಆಗಬಹುದು. ನೀರಿನ ಮಿತಿಯನ್ನೂ ಸ್ಥಳೀಯರ ನೇಮಕವನ್ನೂ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಿ.